ಅಪ್ಪನ ಡೇ ಕೇರ್‌ಗೆ ಲೈಸೆನ್ಸ್ ಇದೆಯೇ? ಫ್ಯೂನರಲ್ ಡೈರೆಕ್ಟರ್ ಇಲ್ಲದೆ ಅಂತ್ಯಕ್ರಿಯೆ ಆಗುತ್ತದೆಯೇ? ಅಮೆರಿಕದ ರಾಜ್ಯಗಳ ಕಾನೂನು ತಿಳಿದವರು ಹೇಳಿ

ಶರಾವತಿ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆಗಳಿವೆ. ಒಂದು ಬದುಕಿರುವವರದು, ಇನ್ನೊಂದು ಹೋದವರದು. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದಾಳೆ ಎಂದು ಯಾರೂ ಅಪಶಕುನ ಎಣಿಸಬೇಡಿ.

ನನ್ನ ತಂದೆಗೆ 81 ವರ್ಷ. ಗ್ರೀನ್ ಕಾರ್ಡ್ ಬಂದು ಐದು ವರ್ಷ ದಾಟಿದೆ. ಮರೆವು ಹೆಚ್ಚುತ್ತಿದೆ. ಹಾಲಿಗೆ ಒಲೆ ಹಚ್ಚಿ, ವಾಕಿಂಗ್‌ಗೆಂದು ಹೊರಟುಬಿಡುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಒಬ್ಬರು ಚೀಟಿ ಕೊಟ್ಟರು: ಹಿರಿಯರ ಡೇ ಕೇರ್, ಮನೆ ಬಾಗಿಲಿಗೆ ವ್ಯಾನ್, ಸಸ್ಯಾಹಾರಿ ಊಟ, ಪೂರ್ತಿ ಉಚಿತ. ಫೋನ್ ಮಾಡಿದರೆ ಮೊದಲು ಕೇಳಿದ್ದು ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಕಾರ್ಡಿನ ಸಂಖ್ಯೆ. ಅಪ್ಪನ ಆರೋಗ್ಯ ಹೇಗಿದೆ ಎಂದು ಕೇಳಲೇ ಇಲ್ಲ. ಇಂಥ ಜಾಗಗಳಿಗೆ ಲೈಸೆನ್ಸ್ ಕೊಡುವವರು ಯಾರು, ಅದನ್ನು ನೋಡುವುದು ಹೇಗೆ?

ಎರಡನೆಯದು. ಪರಿಚಯದ ಮನೆಯೊಂದರಲ್ಲಿ ಹಿರಿಯರು ತೀರಿಕೊಂಡರು. ಶವಪೆಟ್ಟಿಗೆ ಕೊಳ್ಳಲೇಬೇಕು, ಎಂಬಾಮಿಂಗ್ (ಶವ ಕೆಡದಂತೆ ರಾಸಾಯನಿಕ ತುಂಬುವುದು) ಮಾಡಿಸಲೇಬೇಕು, ಇದು ಕಾನೂನು ಎಂದು ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮಿನವರು ಹೇಳಿದರಂತೆ. ಅಳುತ್ತಿರುವ ಮನೆಯಲ್ಲಿ ಯಾರು ಚೌಕಾಸಿ ಮಾಡುತ್ತಾರೆ? ಹೇಳಿದ್ದಕ್ಕೆಲ್ಲ ಸಹಿ ಹಾಕಿದರು. ಟೆಕ್ಸಸ್‌ನಲ್ಲಿರುವ ನಮ್ಮ ಭಾವ ಮಾತ್ರ, ಮನೆಯವರೇ ಎಲ್ಲವನ್ನೂ ಮಾಡಬಹುದು, ಇವರೆಲ್ಲ ದಲ್ಲಾಳಿಗಳು ಎನ್ನುತ್ತಾರೆ. ಯಾವುದು ನಿಜ?

ನಿವೃತ್ತ ನರ್ಸ್ (ಪಿಸ್ಕಾಟವೇ, ನ್ಯೂಜೆರ್ಸಿ)

ಶರಾವತಿ, ಮೊದಲು ಡೇ ಕೇರ್ ವಿಚಾರ ಹೇಳುತ್ತೇನೆ. ಅಂಥ ಕೇಂದ್ರವೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು.

ಹಿರಿಯರ ಡೇ ಕೇರ್‌ಗೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ಲೈಸೆನ್ಸ್ ಎಂಬುದಿಲ್ಲ. ಆಯಾ ರಾಜ್ಯದ್ದೇ ನಿಯಮ. ನಮ್ಮ ನ್ಯೂಜೆರ್ಸಿಯಲ್ಲಿ 'ಮೆಡಿಕಲ್ ಡೇ ಕೇರ್' ಎಂದು ನಾವೆಲ್ಲ ಕರೆಯುವ ಕೇಂದ್ರಕ್ಕೆ ರಾಜ್ಯದ ಆರೋಗ್ಯ ಇಲಾಖೆಯ ಲೈಸೆನ್ಸ್ ಬೇಕು. ಅಲ್ಲಿ ನರ್ಸ್ ಇರಬೇಕು, ಪ್ರತಿಯೊಬ್ಬರಿಗೂ ಬರೆದಿಟ್ಟ ಆರೈಕೆ ಯೋಜನೆ ಇರಬೇಕು. ಬರೀ ಹರಟೆ, ಭಜನೆ, ಊಟಕ್ಕೆ ಸೇರುವ 'ಸೋಷಿಯಲ್' ಕೇಂದ್ರದ ಕಥೆ ಬೇರೆ. ಹೊರಗಿನ ಬೋರ್ಡ್ ನೋಡಿ ಎರಡಕ್ಕೂ ವ್ಯತ್ಯಾಸ ಹೇಳಲಾಗದು. ಆದ್ದರಿಂದ ನೇರವಾಗಿ ಕೇಳಿ: ನಿಮ್ಮದು ಯಾವ ಇಲಾಖೆಯ ಲೈಸೆನ್ಸ್? ಎದುರಿನ ಗೋಡೆಯ ಮೇಲೆ ತೂಗುಹಾಕಿರಬೇಕು. ಅವಧಿ ಮುಗಿಯುವ ದಿನಾಂಕ ಓದಿ. ಇಲಾಖೆಯ ತಪಾಸಣಾ ವರದಿಯನ್ನೂ ಕೇಳಿ.

ಕಾಗದಕ್ಕಿಂತ ಹೆಚ್ಚು ಹೇಳುವುದು ಬೆಳಗಿನ ಹನ್ನೊಂದು ಗಂಟೆ. ಹೇಳದೆ ಆ ಹೊತ್ತಿಗೆ ಹೋಗಿ. ಬಿಪಿ ನೋಡಿಸಿಕೊಳ್ಳಲು ಸಾಲು ನಿಂತಿರುತ್ತಾರೆ. ನರ್ಸ್ ಪಟ್ಟಿ ಕಟ್ಟಿ ನಿಜವಾಗಿ ಅಳೆಯುತ್ತಿದ್ದಾಳೋ, ನಿನ್ನೆಯ ಅಂಕಿಯನ್ನೇ ಇವತ್ತಿನ ಕಾಲಂಗೆ ಇಳಿಸುತ್ತಿದ್ದಾಳೋ ಕಣ್ಣಿಗೆ ಕಾಣುತ್ತದೆ. ಶೌಚಾಲಯಕ್ಕೆ ಏಳಲು ಒದ್ದಾಡುವ ಅಜ್ಜಿಯ ಬಳಿಗೆ ಯಾರಾದರೂ ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ಮರೆವಿನವರು ಹೊರಗೆ ನಡೆದುಬಿಡದಂತೆ ಬಾಗಿಲಿಗೆ ಅಲಾರಂ ಇದೆಯೇ ನೋಡಿ. ನಿಮ್ಮ ತಂದೆಯ ವಿಚಾರದಲ್ಲಿ ಇದೇ ಮುಖ್ಯ. ಕೊನೆಗೆ ಹಾಜರಿ ಪುಸ್ತಕ. ಶುಕ್ರವಾರದ ಸಹಿಯನ್ನು ಸೋಮವಾರವೇ ಹಾಕಿಸಿಕೊಳ್ಳುವ ಕಡೆಗೆ ಹಿರಿಯರನ್ನು ಕಳುಹಿಸಬೇಡಿ. ಬಾರದ ದಿನಕ್ಕೂ ಮೆಡಿಕೇಡ್‌ಗೆ ಬಿಲ್ ಹೋಗುತ್ತದೆ ಎಂದೇ ಅದರ ಅರ್ಥ.

ಆರೋಗ್ಯ ವಿಚಾರಿಸದೆ ಕಾರ್ಡಿನ ಸಂಖ್ಯೆ ಕೇಳಿದರು ಎಂದಿರಲ್ಲ, ನನಗಾದರೆ ಅಷ್ಟೇ ಸಾಕು, ಅಲ್ಲಿಗೆ ಕಾಲಿಡುವುದಿಲ್ಲ. ಮೆಡಿಕೇಡ್ ದುಡ್ಡು ಕೊಡಬೇಕಾದರೆ ಈ ಮನುಷ್ಯನಿಗೆ ಆರೈಕೆಯ ಅಗತ್ಯವಿದೆ ಎಂದು ವೈದ್ಯಕೀಯವಾಗಿ ತೀರ್ಮಾನವಾಗಬೇಕು. ಹಾಗೆ ತೋರಿಸಲು ಆಗದ ಗಟ್ಟಿಮುಟ್ಟಾದವರನ್ನೂ ಕರೆತರುವವರು ಇಲ್ಲದ ಕಾಯಿಲೆಯನ್ನು ಕಾಗದದಲ್ಲಿ ಹುಟ್ಟಿಸುತ್ತಾರೆ.

ಕ್ವೀನ್ಸ್ ಕನ್ನಡತಿ (ನ್ಯೂಯಾರ್ಕ್)

ನರ್ಸ್ ಮೇಡಂ ಹೇಳಿದ ಆ 'ಬೇರೆ ಕಥೆ' ನಮ್ಮ ನ್ಯೂಯಾರ್ಕಿನದು. ಇಲ್ಲಿ ವೈದ್ಯಕೀಯ ಡೇ ಕೇರ್ ರಾಜ್ಯದ ಆರೋಗ್ಯ ಇಲಾಖೆಯ ಕೆಳಗೆ ಬರುತ್ತದೆ. ಸೋಷಿಯಲ್ ಡೇ ಕೇರ್‌ಗೆ ಬಹಳ ಕಾಲ ಅಂಥ ಬಿಗಿ ಇರಲಿಲ್ಲ. ದೀರ್ಘಾವಧಿ ಆರೈಕೆಯ ಮೆಡಿಕೇಡ್ ಹಣ ಖಾಸಗಿ ವಿಮಾ ಯೋಜನೆಗಳ ಮೂಲಕ ಹರಿಯಲು ತೊಡಗಿದ ಮೇಲೆ ಪೂಲ್ ಟೇಬಲ್, ಕೇರಂ, ಪಿಂಗ್‌ಪಾಂಗ್ ಇಟ್ಟು ನೆಲಮಾಳಿಗೆಯಲ್ಲಿ ಕೇಂದ್ರ ತೆರೆದವರಿಗೆ ಲೆಕ್ಕವಿಲ್ಲ. ಸೈಕಲ್ ತುಳಿದುಕೊಂಡು ಬರುವ 'ಅಶಕ್ತ'ರೂ ಇದ್ದರು! 2015ರಲ್ಲಿ ನಗರಸಭೆ ಕಾನೂನು ಮಾಡಿ ಇವೆಲ್ಲ ನಗರದ ವೃದ್ಧರ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದಿತು. ಆದರೆ ನೋಂದಣಿ ಬೇರೆ, ಲೈಸೆನ್ಸ್ ಬೇರೆ. 'ನಾವು ಸರ್ಕಾರದಲ್ಲಿ ರಿಜಿಸ್ಟರ್ ಆಗಿದ್ದೇವೆ' ಎಂದ ಕೂಡಲೇ ತಲೆಯಾಡಿಸಬೇಡಿ.

ಪೆನ್ಸಿಲ್ವೇನಿಯಾದಲ್ಲಿ ವೃದ್ಧರ ಇಲಾಖೆಯೇ ಲೈಸೆನ್ಸ್ ಕೊಡುತ್ತದೆ. ಫ್ಲೋರಿಡಾದಲ್ಲಿ ಆರು ಜನಕ್ಕೆ ಒಬ್ಬ ಸಿಬ್ಬಂದಿ ಇರಲೇಬೇಕೆಂಬ ನಿಯಮವಿದೆ. ಟೆಕ್ಸಸ್‌ನಲ್ಲಿ ಇದರ ಹೆಸರೇ ಬೇರೆ, 'ಡೇ ಆಕ್ಟಿವಿಟಿ ಅಂಡ್ ಹೆಲ್ತ್ ಸರ್ವೀಸಸ್'. ಹೆಸರು ಗೊತ್ತಿಲ್ಲದಿದ್ದರೆ ಸರ್ಕಾರಿ ಜಾಲತಾಣದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹ್ಯೂಸ್ಟನ್ ಶಾನುಭೋಗ

ಶರಾವತಿಯವರ ಭಾವ ನಮ್ಮ ರಾಜ್ಯದವರು ಎಂದು ಕೇಳಿ ಸಂತೋಷವಾಯಿತು. ಅವರ ಮಾತು ಟೆಕ್ಸಸ್ ಮಟ್ಟಿಗೆ ನಿಜ. ಇಲ್ಲಿ ಮನೆಯವರೇ ಮರಣಪತ್ರದ ಅರ್ಜಿ ಸಲ್ಲಿಸಿ, ಅನುಮತಿ ಪಡೆದು, ದೇಹವನ್ನು ತಾವೇ ಸಾಗಿಸಬಹುದು. ಆದರೆ ದಹನಕ್ಕೆ ಸಾವಿನ ಗಳಿಗೆಯಿಂದ 48 ತಾಸು ಕಾಯಬೇಕು. ಮೆಡಿಕಲ್ ಎಗ್ಸಾಮಿನರ್ (ಸಾವಿನ ಕಾರಣ ಪರೀಕ್ಷಿಸುವ ಸರ್ಕಾರಿ ವೈದ್ಯ) ಅಥವಾ ಜಸ್ಟಿಸ್ ಆಫ್ ದಿ ಪೀಸ್ (ಸ್ಥಳೀಯ ನ್ಯಾಯಾಧೀಶ) ಬರವಣಿಗೆಯಲ್ಲಿ ವಿನಾಯಿತಿ ಕೊಟ್ಟರೆ ಮಾತ್ರ ಬೇಗ ಆಗುತ್ತದೆ. ಸೂರ್ಯ ಮುಳುಗುವುದರೊಳಗೆ ಮುಗಿಸುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ನ್ಯೂಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್, ಇಲಿನಾಯ್, ಮಿಷಿಗನ್ ಮುಂತಾದ ಕೆಲವು ರಾಜ್ಯಗಳಲ್ಲಿ ಮಾತ್ರ ಒಂದಲ್ಲ ಒಂದು ಹಂತದಲ್ಲಿ ಲೈಸೆನ್ಸ್ ಇರುವ ಫ್ಯೂನರಲ್ ಡೈರೆಕ್ಟರನ ಸಹಿ ಬೇಕೇಬೇಕು. ಕೇಳಿದರೆ ಸಾರ್ವಜನಿಕ ಆರೋಗ್ಯದ ಮಾತಾಡುತ್ತಾರೆ. ನನಗೆ ನಂಬಿಕೆಯಿಲ್ಲ. ಇದು ಕಸುಬಿನವರು ತಮ್ಮ ಅಂಗಡಿಗೆ ತಾವೇ ಹಾಕಿಕೊಂಡ ಬೇಲಿ.

ಪುರಾವೆ ಬೇಕೇ? ಲೂಸಿಯಾನಾದ ಕವಿಂಗ್ಟನ್ ಬಳಿ ಸೇಂಟ್ ಜೋಸೆಫ್ ಅಬ್ಬೆ ಎಂಬ ಮಠವಿದೆ. ಅಲ್ಲಿನ ಸಂನ್ಯಾಸಿಗಳು ತಮ್ಮವರಿಗಾಗಿ ಸರಳವಾದ ಮರದ ಶವಪೆಟ್ಟಿಗೆ ಮಾಡಿಕೊಳ್ಳುತ್ತಿದ್ದರು. ಕತ್ರಿನಾ ಚಂಡಮಾರುತ ಮಠದ ಕಾಡಿನ ಮರಗಳನ್ನು ಉರುಳಿಸಿದಾಗ, ಮರ ಮಾರಿ ಬರುತ್ತಿದ್ದ ಆದಾಯಕ್ಕೆ ಹೊಡೆತ ಬಿದ್ದು ಪೆಟ್ಟಿಗೆಗಳನ್ನು ಹೊರಗಿನವರಿಗೂ ಮಾರಲು ಹೊರಟರು. ಫ್ಯೂನರಲ್ ಕಸುಬಿನ ಮೇಲ್ವಿಚಾರಣೆಯ ರಾಜ್ಯ ಮಂಡಳಿ ತಡೆಯಿತು. ಪೆಟ್ಟಿಗೆ ಮಾರಲು ಫ್ಯೂನರಲ್ ಡೈರೆಕ್ಟರ್ ಲೈಸೆನ್ಸ್ ಬೇಕಂತೆ! ಬರೀ ಮರದ ಪೆಟ್ಟಿಗೆ, ಒಳಗೆ ಯಾರೂ ಇಲ್ಲ. 2013ರಲ್ಲಿ ಐದನೇ ಸರ್ಕಿಟ್‌ನ (ಕೆಲವು ರಾಜ್ಯಗಳು ಸೇರಿದ ನ್ಯಾಯಾಂಗ ವಲಯ) ಮೇಲ್ಮನವಿ ನ್ಯಾಯಾಲಯ ಮಠದ ಪರ ತೀರ್ಪು ಕೊಟ್ಟಿತು. ಟೆನೆಸಿಯ ಇಂಥದೇ ಕಾನೂನನ್ನು ಆರನೇ ಸರ್ಕಿಟ್ 2002ರಲ್ಲೇ ಹೊಡೆದುಹಾಕಿತ್ತು. ಒಕ್ಲಹೋಮಾದ್ದನ್ನು ಮಾತ್ರ 2004ರಲ್ಲಿ ಹತ್ತನೇ ಸರ್ಕಿಟ್ ಉಳಿಸಿತು. ಒಂದೇ ದೇಶ, ಒಂದೇ ಸಂವಿಧಾನ, ಒಂದೇ ಪೆಟ್ಟಿಗೆ.

ಡೆನ್ವರ್ ದೇಸಾಯಿ

ಶಾನುಭೋಗರೇ, ಬೇಲಿ ಕಿತ್ತರೆ ಏನಾಗುತ್ತದೆ ಎಂದು ನಮ್ಮ ಕೊಲೊರಾಡೊಗೆ ಬಂದು ನೋಡಬೇಕಿತ್ತು. 1983ರಲ್ಲಿ ಇಲ್ಲಿನ ಮಂಡಳಿಯನ್ನು ರದ್ದು ಮಾಡಿದರು. ಮುಂದೆ ನಲವತ್ತು ವರ್ಷ ಫ್ಯೂನರಲ್ ಡೈರೆಕ್ಟರ್ ಆಗಲು ಓದು ಬೇಡ, ಪರೀಕ್ಷೆ ಬೇಡ. ದೇಶದಲ್ಲಿ ಇಂಥ ರಾಜ್ಯ ಇದೊಂದೇ. ಇಲ್ಲಿ ತಲೆಗೂದಲು ಕತ್ತರಿಸುವವನಿಗೆ ಲೈಸೆನ್ಸ್ ಬೇಕಿತ್ತು, ಹೆಣ ಇಟ್ಟುಕೊಳ್ಳುವವನಿಗೆ ಬೇಡವಾಗಿತ್ತು.

2023ರ ಅಕ್ಟೋಬರ್‌ನಲ್ಲಿ ಪೆನ್ರೋಸ್ ಎಂಬ ಸಣ್ಣ ಊರಿನಲ್ಲಿ ದುರ್ವಾಸನೆ ಬರುತ್ತಿದೆ ಎಂದು ದೂರು ಹೋಯಿತು. ಅಲ್ಲಿದ್ದ ಫ್ಯೂನರಲ್ ಹೋಮಿನ ಕಟ್ಟಡವನ್ನು ಒಳಹೊಕ್ಕು ನೋಡಿದರೆ ಸುಮಾರು 190 ಶವಗಳು ಕೊಳೆಯುತ್ತ ಬಿದ್ದಿದ್ದವು. ಕೆಲವು ಕುಟುಂಬಗಳಿಗೆ ಅಸ್ಥಿ ಎಂದು ಕೊಟ್ಟಿದ್ದು ಒಣ ಕಾಂಕ್ರೀಟ್ ಪುಡಿ. ಅದನ್ನೇ ಅವರು ನೀರಿಗೆ ಬಿಟ್ಟು, ಪ್ರಾರ್ಥನೆ ಮಾಡಿ ಬಂದಿದ್ದರು. ಅದಕ್ಕೂ ಮೊದಲು ಮಾಂಟ್ರೋಸ್ ಊರಿನಲ್ಲಿ, ಮನೆಯವರಿಗೆ ತಿಳಿಸದೆ ದೇಹದ ಭಾಗಗಳನ್ನು ಮಾರಿದ ಪ್ರಕರಣ ನಡೆದಿತ್ತು.

2024ರ ಮೇ ತಿಂಗಳಲ್ಲಿ ಗವರ್ನರ್ ಜ್ಯಾರೆಡ್ ಪೋಲಿಸ್ ಹೊಸ ಕಾನೂನಿಗೆ ಸಹಿ ಹಾಕಿದರು. 2027ರ ಜನವರಿ 1ರಿಂದ ಫ್ಯೂನರಲ್ ಡೈರೆಕ್ಟರ್, ಎಂಬಾಮಿಂಗ್ ಮಾಡುವವರು, ದಹನ ಮಾಡುವವರು ಎಲ್ಲರಿಗೂ ಲೈಸೆನ್ಸ್ ಕಡ್ಡಾಯ. ಹಿನ್ನೆಲೆ ಪರಿಶೀಲನೆಯೂ ಉಂಟು. ಹೊಸದಾಗಿ ಫ್ಯೂನರಲ್ ಡೈರೆಕ್ಟರ್ ಆಗುವವರಿಗೆ ಮಾರ್ಚುರಿ ಸೈನ್ಸ್ (ಶವಸಂಸ್ಕಾರದ ವಿದ್ಯೆ) ಓದು, ರಾಷ್ಟ್ರೀಯ ಪರೀಕ್ಷೆ, ಅನುಭವಿಗಳ ಕೈಕೆಳಗೆ ತರಬೇತಿ. ಇನ್ನೊಂದು ಕಾನೂನಿನಿಂದ, ದೂರು ಬರುವವರೆಗೆ ಕಾಯದೆ ಆಗಾಗ ತಪಾಸಣೆ ಮಾಡುವ ಅಧಿಕಾರವೂ ಸಿಕ್ಕಿದೆ.

ಸಂನ್ಯಾಸಿಗಳ ಪೆಟ್ಟಿಗೆಗೆ ಲೈಸೆನ್ಸ್ ಬೇಡ, ಒಪ್ಪಿದೆ. ಅಪ್ಪನ ದೇಹವನ್ನು ಒಪ್ಪಿಸುವ ಕೈಗೆ ಬೇಕು.

ಹ್ಯೂಸ್ಟನ್ ಶಾನುಭೋಗ

ದೇಸಾಯರೇ, ಪೆನ್ರೋಸ್ ವಿಚಾರ ಓದಿ ನನಗೂ ಹೊಟ್ಟೆ ತೊಳಸಿತ್ತು. ಆದರೆ ಜಾರ್ಜಿಯಾ ರಾಜ್ಯದ ನೋಬಲ್ ಊರನ್ನು ಮರೆಯಬೇಡಿ. ಜಾರ್ಜಿಯಾದಲ್ಲಿ ಲೈಸೆನ್ಸ್ ಇತ್ತು, ಮಂಡಳಿ ಇತ್ತು, ಎಲ್ಲವೂ ಇತ್ತು. 2002ರಲ್ಲಿ ಅಲ್ಲಿನ ಒಂದು ಚಿತಾಗಾರದ ಆವರಣದಲ್ಲಿ ಸುಡದೆ ಬಿಟ್ಟ 334 ಶವಗಳು ಸಿಕ್ಕವು. ಅಲ್ಲೂ ಬೂದಿಯ ಬದಲು ಸಿಮೆಂಟ್ ಪುಡಿ. ಆ ಚಿತಾಗಾರ ಜನರೊಂದಿಗೆ ನೇರವಾಗಿ ವ್ಯವಹರಿಸದೆ ಫ್ಯೂನರಲ್ ಹೋಮ್‌ಗಳಿಂದ ಮಾತ್ರ ಕೆಲಸ ಪಡೆಯುತ್ತಿತ್ತು. ಕಾನೂನಿನ ಆ ಸಂದಿನಲ್ಲಿ ಯಾರೂ ತಪಾಸಣೆಗೆ ಹೋಗಲೇ ಇಲ್ಲ. ಫ್ಯೂನರಲ್ ಡೈರೆಕ್ಟರುಗಳು ಲೈಸೆನ್ಸ್ ಇದ್ದವರೇ. ಅವರೇ ಕಳುಹಿಸಿದ ದೇಹಗಳು ಅವು.

ಹಾಗಾಗಿ ಲೈಸೆನ್ಸ್ ಎಂದು ಭಜನೆ ಮಾಡುವ ಬದಲು ಒಳಗೆ ಹೋಗಿ ನೋಡುವವನು ಯಾರು ಎಂದು ಕೇಳೋಣ.

ನಿವೃತ್ತ ನರ್ಸ್ (ಪಿಸ್ಕಾಟವೇ, ನ್ಯೂಜೆರ್ಸಿ)

ಈಗ ಇಬ್ಬರೂ ಒಂದೇ ಮಾತು ಹೇಳಿದಿರಿ, ಜಗಳ ನಿಲ್ಲಿಸಬಹುದು!

ನನ್ನನ್ನು ಕಾಡುವುದು ಬೇರೆಯೇ. ನಮ್ಮ ರಾಜ್ಯದಲ್ಲಿ ಸತ್ತವರನ್ನು ನೋಡಿಕೊಳ್ಳುವವನಿಗೆ ಕಾಲೇಜು ಓದು, ಮಾರ್ಚುರಿ ಸೈನ್ಸ್, ಇಂಟರ್ನ್‌ಶಿಪ್, ಪರೀಕ್ಷೆ, ರಾಜ್ಯದ ಮಾರ್ಚುರಿ ಸೈನ್ಸ್ ಮಂಡಳಿಯ ಕಣ್ಣು. ಬದುಕಿರುವ ಅಜ್ಜನ ಕೈ ಹಿಡಿದು ಶೌಚಕ್ಕೆ ಕರೆದೊಯ್ಯುವ ಹುಡುಗಿಗೆ ಅದರಲ್ಲಿ ಕಾಲು ಪಾಲೂ ತರಬೇತಿಯಿಲ್ಲ, ಸಂಬಳವಂತೂ ಕೇಳಬೇಡಿ. ಕೆಲವು ರಾಜ್ಯಗಳಲ್ಲಿ ಡೇ ಕೇರ್ ಕೇಂದ್ರಕ್ಕೆ ಲೈಸೆನ್ಸ್ ಎಂಬುದೇ ಇಲ್ಲ. ಮೆಡಿಕೇಡ್ ಹಣ ಬೇಕಾದರೆ ಒಂದು ಪ್ರಮಾಣೀಕರಣ, ಅಷ್ಟೇ. ಹೆಣಕ್ಕೆ ಕೊಟ್ಟ ಮರ್ಯಾದೆಯನ್ನು ಕಾನೂನು ಜೀವಕ್ಕೂ ಕೊಡಬಾರದೇ?

ಫ್ರೀಮಾಂಟ್ ಮಾವ (ಕ್ಯಾಲಿಫೋರ್ನಿಯಾ)

ಶರಾವತಿಯವರ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ನೇರ ಉತ್ತರ ಕೊಟ್ಟಿಲ್ಲ. ತೀರ್ಪುಗಳ ಸಂಖ್ಯೆ ಅವರ ಪರಿಚಯದವರ ಬಿಲ್ ಇಳಿಸುವುದಿಲ್ಲ.

ಫ್ಯೂನರಲ್ ಡೈರೆಕ್ಟರ್ ಬೇಕೋ ಬೇಡವೋ ಎಂಬುದು ರಾಜ್ಯದ ಕಾನೂನು. ಆದರೆ ಬೆಲೆಯ ವಿಚಾರದಲ್ಲಿ ದೇಶಕ್ಕೆಲ್ಲ ಒಂದೇ ನಿಯಮವಿದೆ: ಗ್ರಾಹಕರ ಹಿತ ಕಾಯುವ ಕೇಂದ್ರ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ 'ಫ್ಯೂನರಲ್ ರೂಲ್', 1984ರಿಂದ ಜಾರಿಯಲ್ಲಿದೆ. ಬೆಲೆ ವಿಚಾರಿಸಲು ಹೋದವರ ಕೈಗೆ ಮುದ್ರಿತ ಬೆಲೆಪಟ್ಟಿ ಕೊಡಬೇಕು, ಅದನ್ನು ಮನೆಗೆ ತರಬಹುದು. ಫೋನಿನಲ್ಲಿ ಕೇಳಿದರೂ ಬೆಲೆ ಹೇಳಬೇಕು. ನೇರ ದಹನಕ್ಕೆ ಶವಪೆಟ್ಟಿಗೆ ಕೊಳ್ಳಬೇಕು ಎನ್ನುವಂತಿಲ್ಲ, ರಟ್ಟಿನ ಅಥವಾ ಒರಟು ಮರದ ಸಾದಾ ಪೆಟ್ಟಿಗೆ ಸಾಕು. ನೀವು ಹೊರಗಿನಿಂದ ಪೆಟ್ಟಿಗೆ ತಂದರೆ ಅದಕ್ಕೆ ಪ್ರತ್ಯೇಕ ಶುಲ್ಕ ಹಾಕುವಂತಿಲ್ಲ. ಇದು 1994ರ ತಿದ್ದುಪಡಿ. ಕಾನೂನು ಹೇಳದಿರುವಾಗ ಎಂಬಾಮಿಂಗ್ ಕಡ್ಡಾಯವೆಂದು ಸುಳ್ಳು ಹೇಳುವುದೇ ನಿಯಮದ ಉಲ್ಲಂಘನೆ. ತಂಪಿನಲ್ಲಿಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬೇಡವೆನ್ನಲಾಗದ ಶುಲ್ಕ ಒಂದೇ, 'ಬೇಸಿಕ್ ಸರ್ವೀಸಸ್ ಫೀ'. ಒಂದೊಂದು ಫ್ಯೂನರಲ್ ಹೋಮಿನಲ್ಲಿ ಇದು ಒಂದೊಂದು ಥರ ಇರುತ್ತದೆ, ಆದ್ದರಿಂದ ಹೋಲಿಸುವಾಗ ಮೊದಲು ಈ ಸಾಲನ್ನೇ ನೋಡಿ.

ಈ ಬೆಲೆಪಟ್ಟಿಯನ್ನು ಜಾಲತಾಣದಲ್ಲಿ ಹಾಕಬೇಕೆಂದು ಕೇಂದ್ರ ಸರ್ಕಾರದ ನಿಯಮ ಹೇಳುವುದಿಲ್ಲ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ, ಜಾಲತಾಣ ಇಟ್ಟವರು ಪಟ್ಟಿಯನ್ನು ಅಲ್ಲೇ ಹಾಕಬೇಕು ಇಲ್ಲವೇ ಕೇಳಿದರೆ ಕೊಡುತ್ತೇವೆ ಎಂದು ಬರೆಯಬೇಕು.

ಡೇ ಕೇರ್ ಬಗ್ಗೆಯೂ ಒಂದು ಮಾತು. ಇಲ್ಲಿ ಎರಡು ಇಲಾಖೆಗಳಿವೆ. ಬರೀ ದಿನದ ಕಾರ್ಯಕ್ರಮ ನಡೆಸುವವರಿಗೆ ಸಮಾಜ ಸೇವಾ ಇಲಾಖೆಯ ಲೈಸೆನ್ಸ್, ಆರೋಗ್ಯ ಸೇವೆ ಇರುವವರಿಗೆ ಸಾರ್ವಜನಿಕ ಆರೋಗ್ಯ ಇಲಾಖೆಯ ಲೈಸೆನ್ಸ್. ಹಣದ ಮುಗ್ಗಟ್ಟಿನಲ್ಲಿ ಈ ಎರಡನೆಯ ಸೌಲಭ್ಯವನ್ನೇ ನಿಲ್ಲಿಸಲು ಹೊರಟಾಗ ಹಿರಿಯರ ಪರವಾಗಿ ಮೊಕದ್ದಮೆ ನಡೆಯಿತು. ರಾಜಿಯ ಫಲವಾಗಿ 2012ರಲ್ಲಿ ಈಗಿನ 'ಸಿ.ಬಿ.ಎ.ಎಸ್.' (ಸಮುದಾಯದಲ್ಲೇ ಕೊಡುವ ವಯಸ್ಕರ ಸೇವೆ) ಬಂತು. ನಮ್ಮ ಅತ್ತೆ ಹೋಗುವ ಕೇಂದ್ರದಲ್ಲಿ ನರ್ಸ್, ಸಮಾಜ ಕಾರ್ಯಕರ್ತೆ, ಫಿಸಿಯೋಥೆರಪಿ ಎಲ್ಲ ಇವೆ. ಅತ್ತೆಗೆ ಮಾತ್ರ ಮುಖ್ಯವಾದದ್ದು ಅಲ್ಲಿ ಸಿಗುವ ಗುಜರಾತಿ ಗೆಳತಿ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ, ಮಾತು ನಿಲ್ಲುವುದಿಲ್ಲ.

ಶರಾವತಿ (ಎಡಿಸನ್, ನ್ಯೂಜೆರ್ಸಿ)

ಮಾವ, ಬಹಳ ಉಪಕಾರವಾಯಿತು. ಪರಿಚಯದವರಿಗೆ ಬಿಲ್ ತೆಗೆದು ನೋಡಿ ಎಂದಿದ್ದೇನೆ. ಪೆಟ್ಟಿಗೆಯೂ ಎಂಬಾಮಿಂಗೂ ಬೇರೆ ಬೇರೆ ಸಾಲಿನಲ್ಲಿವೆ, ಅದಕ್ಕೆ ಎದುರಾಗಿ 'ಚಿತಾಗಾರದ ಕೋರಿಕೆ' ಎಂದು ಬರೆದಿದೆಯಂತೆ.

ಮೆಡಿಕೇಡ್ ಬಗ್ಗೆ ಒಂದು ಅನುಮಾನ. ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬಿದರೆ ಸಾಕಲ್ಲವೇ?

ಕ್ವೀನ್ಸ್ ಕನ್ನಡತಿ (ನ್ಯೂಯಾರ್ಕ್)

ಐದು ವರ್ಷ ಎಂಬುದು 1996ರ ಕೇಂದ್ರ ಕಾನೂನಿನ ಮೊದಲ ಬಾಗಿಲು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮ ಬೊಕ್ಕಸದಿಂದ ಅದಕ್ಕೂ ಮೊದಲೇ ಕೊಟ್ಟದ್ದುಂಟು. ಆದರೆ ಬಾಗಿಲು ದಾಟಿದ ಮೇಲೂ ಸ್ಪಾನ್ಸರ್ ಮಾಡಿದ ಮಗನ ಅಥವಾ ಮಗಳ ಆದಾಯವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅವರನ್ನು ನೋಡಿಕೊಳ್ಳುತ್ತೇವೆ ಎಂಬ ಅಫಿಡವಿಟ್‌ಗೆ ನೀವು ಸಹಿ ಹಾಕಿದ್ದೀರಿ, ನೆನಪಿರಲಿ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ ಇದು ಅನ್ವಯಿಸುವುದೇ ಇಲ್ಲ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಾಮಾನ್ಯ ಡೇ ಕೇರ್‌ಗೆ ಹಣ ಕೊಡುವುದಿಲ್ಲ. ಮೆಡಿಕೇಡ್, ಮೆಡಿಕೇರ್ ಎರಡರ ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೋಸ ಹೋಗುವವರೇ ಹೆಚ್ಚು.

ಇನ್ನೊಂದು ವಿಚಾರವನ್ನು ಚೀಟಿ ಹಂಚುವವರು ಬಾಯಿ ಬಿಟ್ಟು ಹೇಳುವುದಿಲ್ಲ. 55 ದಾಟಿದವರ ಆರೈಕೆಗೆ ಮೆಡಿಕೇಡ್ ಕೊಟ್ಟ ಹಣವನ್ನು ಅವರು ತೀರಿಕೊಂಡ ನಂತರ ಅವರ ಆಸ್ತಿಯಿಂದ ರಾಜ್ಯ ವಸೂಲಿ ಮಾಡಬಹುದು. 1993ರ ಕೇಂದ್ರ ಕಾನೂನು ಎಲ್ಲ ರಾಜ್ಯಗಳಿಗೂ ಈ ಹೊಣೆ ಹೊರಿಸಿದೆ. ತಂದೆಯ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಚಿಂತೆಯಿಲ್ಲ. ತೆರಿಗೆ ಉಳಿಸಲೆಂದು ಮನೆಗೆ ಅವರ ಹೆಸರನ್ನೂ ಸೇರಿಸಿದವರು ವಕೀಲರನ್ನು ಕಾಣಲಿ. 'ಪೂರ್ತಿ ಉಚಿತ' ಎಂದರೆ ಇಷ್ಟು.

ಜಯನಗರದ ಅಕ್ಕ (ಬೆಂಗಳೂರು)

ಅಮೆರಿಕದಲ್ಲಿರುವ ತಮ್ಮನ ಮನೆಯಲ್ಲಿ ನಮ್ಮ ತಾಯಿ ತೀರಿಕೊಂಡಾಗ ಇಲ್ಲಿಂದಲೇ ಎಲ್ಲವನ್ನೂ ನೋಡಿದವಳು ನಾನು. ಇಲ್ಲಿ ಫ್ಯೂನರಲ್ ಡೈರೆಕ್ಟರ್ ಎಂಬ ಲೈಸೆನ್ಸೇ ಇಲ್ಲ. ವೈದ್ಯರ ಪ್ರಮಾಣಪತ್ರ, ಆಧಾರ್ ಹಿಡಿದು ಮುಕ್ತಿವಾಹನದಲ್ಲಿ ಹೊರಟರೆ ಸಂಜೆಯೊಳಗೆ ವಿದ್ಯುತ್ ಚಿತಾಗಾರದ ಕೆಲಸ ಮುಗಿದಿರುತ್ತದೆ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರಾಯಿತು. ಬೀದಿಯ ನಾಲ್ಕು ಜನ ಚಟ್ಟ ಕಟ್ಟಲು ಬರುತ್ತಾರೆ. ಅದಕ್ಕೆಂದೇ ಒಬ್ಬರು ಪ್ರತಿ ಬೀದಿಯಲ್ಲೂ ಇರುತ್ತಾರೆ.

ಅಲ್ಲಿ ತಮ್ಮ ಒಬ್ಬನೇ. ದಹನಕ್ಕೆ ಒಪ್ಪಿಗೆ ಪತ್ರ ಬೇಕು, ಮಕ್ಕಳಲ್ಲಿ ಬಹುಮತ ಬೇಕು ಎಂದರು. ನಾವು ಮೂವರು ಮಕ್ಕಳು, ಇಬ್ಬರು ಇಲ್ಲಿ. ರಾತ್ರಿ ಎರಡು ಗಂಟೆಗೆ ಪ್ರಿಂಟರ್ ಹುಡುಕಿಕೊಂಡು ಪಕ್ಕದ ಮನೆಯವರನ್ನು ಎಬ್ಬಿಸಿ ಸಹಿ ಹಾಕಿ ಕಳುಹಿಸಿದೆ. ತಾಯಿ ಬದುಕಿದ್ದಾಗಲೇ ಒಬ್ಬರನ್ನು ನೇಮಿಸಿ ಬರೆದಿಟ್ಟಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲವಂತೆ. ಆ ಕಾಗದದ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ.

ಡೇ ಕೇರ್ ಇಲ್ಲೂ ಇದೆ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ನೆರವಿನಿಂದ ಸಂಸ್ಥೆಗಳು ನಡೆಸುವ ಹಗಲು ಯೋಗಕ್ಷೇಮ ಕೇಂದ್ರಗಳಿವೆ, ಖಾಸಗಿಯವೂ ಇವೆ. ಆದರೆ ಅಪ್ಪನನ್ನು ಅಲ್ಲಿ ಬಿಟ್ಟು ಬಂದೆ ಎಂದರೆ ನಮ್ಮ ಜನ ಇನ್ನೂ ವೃದ್ಧಾಶ್ರಮಕ್ಕೆ ಹಾಕಿದ ಹಾಗೆ ನೋಡುತ್ತಾರೆ.

ಕ್ವೀನ್ಸ್ ಕನ್ನಡತಿ (ನ್ಯೂಯಾರ್ಕ್)

ಅಕ್ಕ, ನಮ್ಮ ರಾಜ್ಯದಲ್ಲಿ ಅದಕ್ಕೊಂದು ಫಾರಂ ಇದೆ. ಯಾರು ನಿರ್ಧರಿಸಬೇಕು ಎಂದು ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದರೆ ಸಾಕು, ಮಕ್ಕಳೆಲ್ಲರ ಸಹಿಗೆ ಅಲೆಯಬೇಕಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂಥದ್ದಿದೆ.

ಅಂತ್ಯಕ್ರಿಯೆಗೆಂದು ಫ್ಯೂನರಲ್ ಹೋಮಿಗೆ ಮುಂಗಡ ಹಣ ಕಟ್ಟುವವರಿಗೂ ಒಂದು ಸೂಚನೆ. ನ್ಯೂಯಾರ್ಕಿನಲ್ಲಿ ಅಂಥ ಹಣ ಪೂರ್ತಿಯಾಗಿ ಟ್ರಸ್ಟ್ ಖಾತೆಯಲ್ಲಿರಬೇಕು, ಮೆಡಿಕೇಡ್‌ಗಾಗಿ ಕಟ್ಟಿದ್ದನ್ನು ಬಿಟ್ಟು ಉಳಿದದ್ದನ್ನು ಬೇಕೆಂದಾಗ ಹಿಂದಕ್ಕೆ ಪಡೆಯಬಹುದು. ಬೇರೆ ಹಲವು ರಾಜ್ಯಗಳಲ್ಲಿ ಇಷ್ಟು ಬಿಗಿಯಿಲ್ಲ. ಮಗನ ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗಬೇಕಾಗಬಹುದು, ಆದ್ದರಿಂದ ಹಣ ವಾಪಸ್ ಬರುತ್ತದೆಯೇ ಎಂದು ಕೇಳದೆ ಕಟ್ಟಬೇಡಿ.

ಅರೋರಾ ಭಟ್ಟರು (ಇಲಿನಾಯ್)

ಶಿಕಾಗೊ ಸುತ್ತಮುತ್ತ ಅಪರಕರ್ಮಕ್ಕೆ ಕರೆದಾಗ ಹೋಗುತ್ತೇನೆ. ಕಾನೂನು ನಿಮಗೆ ಬಿಟ್ಟದ್ದು, ಆ ದಿನ ಎಡವುವುದು ಎಲ್ಲಿ ಎಂದು ಮಾತ್ರ ಹೇಳುತ್ತೇನೆ.

ಚಿತಾಗಾರದಲ್ಲಿ ಮನೆಯವರು ಎದುರಿಗಿದ್ದು ನೋಡಲು, ಮಗ ಅಥವಾ ಮಗಳು ಗುಂಡಿ ಒತ್ತಲು ಮೊದಲೇ ಹೇಳಿ ಸಮಯ ಪಡೆಯಬೇಕು. ಅದಕ್ಕೆ ಬೇರೆ ಶುಲ್ಕ ಇರಬಹುದು. ಬಾಯಿಗೆ ಅಕ್ಕಿ, ತುಳಸಿ, ಗಂಗಾಜಲಕ್ಕೆ ಯಾರೂ ಅಡ್ಡಿ ಮಾಡಿದ್ದಿಲ್ಲ. ತುಪ್ಪಕ್ಕೆ ಮಿತಿ ಹೇಳುತ್ತಾರೆ. ಒಳಗೆ ದೀಪ, ಕರ್ಪೂರ ಹಚ್ಚಲು ಹೆಚ್ಚಿನವರು ಬಿಡುವುದಿಲ್ಲ, ಹೊಗೆಯ ಅಲಾರಂ ಇರುತ್ತದೆ. ತೆಂಗಿನಕಾಯಿಯನ್ನು ಪೆಟ್ಟಿಗೆಯೊಳಗೆ ಇಡಬೇಡಿ. ನೀರಿನ ಕೊಡ ಒಡೆಯುವವರು ಹೊರಗೆ ಹುಲ್ಲಿನ ಮೇಲೆ ಒಡೆದು, ಚೂರುಗಳನ್ನು ತಾವೇ ಹೆಕ್ಕಿ ತರಬೇಕು.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಲೇಬೇಕು. ಅದರ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುತ್ತದೆ, ತೆಗೆದ ಮೇಲೆಯೇ ದಹನ. ಒಂದು ಮನೆಯಲ್ಲಿ ಇದನ್ನು ಕೊನೇ ಗಳಿಗೆಯಲ್ಲಿ ಹೇಳಿ, ಕ್ರಿಯೆ ಮಾರನೆಯ ದಿನಕ್ಕೆ ಹೋಯಿತು. ಊರಿನಿಂದ ವಿಡಿಯೋದಲ್ಲಿ ನೋಡಲು ಕುಳಿತಿದ್ದವರೆಲ್ಲ ಕಾದರು.

ಡೆನ್ವರ್ ದೇಸಾಯಿ

ಭಟ್ಟರೇ, ಕಟ್ಟಿಗೆಯ ಚಿತೆ ಬೇಕೆನ್ನುವವರಿಗೆ ನಮ್ಮ ರಾಜ್ಯದಲ್ಲಿ ಕ್ರೆಸ್ಟೋನ್ ಎಂಬ ಬೆಟ್ಟದ ಊರಿದೆ. ಬಯಲಿನಲ್ಲಿ ಕಟ್ಟಿಗೆಯಿಟ್ಟು ದಹಿಸುವ ಜಾಗವನ್ನು ಊರವರೇ ನಡೆಸುತ್ತಾರೆ. ಆದರೆ ಆ ಕೌಂಟಿಯಲ್ಲಿ ವಾಸವಿದ್ದವರಿಗೆ ಮಾತ್ರ. ಮಿಸೌರಿಯಲ್ಲಿ ಬಯಲು ದಹನಕ್ಕೆ ಅವಕಾಶ ಕೊಡುವ ಮಸೂದೆ ಶಾಸನಸಭೆಯಲ್ಲಿ ಗೆದ್ದಿತ್ತು, 2019ರಲ್ಲಿ ಗವರ್ನರ್ ಮೈಕ್ ಪಾರ್ಸನ್ ವೀಟೊ ಮಾಡಿದರು.

ನಿವೃತ್ತ ನರ್ಸ್ (ಪಿಸ್ಕಾಟವೇ, ನ್ಯೂಜೆರ್ಸಿ)

ಡೇ ಕೇರ್‌ನಲ್ಲೇ ಯಾರಿಗಾದರೂ ಉಸಿರು ನಿಂತರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಿಬ್ಬಂದಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುತ್ತಾರೆ. ಬಂದವರು ಎದೆ ಒತ್ತುತ್ತಾರೆ, ಪಕ್ಕೆಲುಬು ಮುರಿದರೂ ಬಿಡುವುದಿಲ್ಲ. ಅದು ಬೇಡ ಎಂದು ಹಿರಿಯರು ನಿರ್ಧರಿಸಿದ್ದರೆ ವೈದ್ಯರ ಸಹಿಯಿರುವ 'ಪೋಲ್ಸ್ಟ್' ಫಾರಂ ಬೇಕು. ನ್ಯೂಯಾರ್ಕಿನಲ್ಲಿ 'ಮೋಲ್ಸ್ಟ್' ಎನ್ನುತ್ತಾರೆ. ಅದರ ಒಂದು ಪ್ರತಿ ಮನೆಯ ಫ್ರಿಜ್ ಮೇಲೆ, ಇನ್ನೊಂದು ಕೇಂದ್ರದ ಕಡತದಲ್ಲಿ. ವ್ಯಾನಿನ ಡ್ರೈವರ್‌ಗೂ ಗೊತ್ತಿರಬೇಕು. ದಿನಕ್ಕೆರಡು ಸಲ ಹಿರಿಯರು ಅವನ ಕೈಯಲ್ಲಿರುತ್ತಾರೆ.

ಮನೆಯಲ್ಲಿ ಹಾಸ್ಪಿಸ್ (ಕೊನೆಗಾಲದವರಿಗೆ ಕೊಡುವ) ಆರೈಕೆಯಲ್ಲಿದ್ದವರಾದರೆ 911 ಬೇಡ. ಹಾಸ್ಪಿಸ್‌ಗೆ ಫೋನ್ ಮಾಡಿ, ನರ್ಸ್ ಬಂದು ಮುಂದಿನದನ್ನು ನೋಡುತ್ತಾಳೆ.

ಶರಾವತಿ (ಎಡಿಸನ್, ನ್ಯೂಜೆರ್ಸಿ)

ಹನ್ನೊಂದು ಗಂಟೆಗೆ ಹೇಳದೆ ಹೋಗಿ ಬಂದೆ. ಚೀಟಿ ಕೊಟ್ಟವರ ಕೇಂದ್ರದಲ್ಲಿ ಲೈಸೆನ್ಸ್ ಎಲ್ಲಿ ಎಂದು ಕೇಳಿದ್ದಕ್ಕೆ 'ಮಾಲೀಕರ ಹತ್ತಿರ ಇದೆ, ಊಟ ಮಾಡಿಕೊಂಡು ಹೋಗಿ' ಎಂದರು. ಬಿಸಿಬೇಳೆಬಾತ್ ಘಮಘಮ ಎನ್ನುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಬಾಗಿಲಿಗೆ ಅಲಾರಂ ಇರಲಿಲ್ಲ. ಇನ್ನೊಂದು ಕಡೆ ಊಟ ಸಪ್ಪೆ. ಆದರೆ ಲೈಸೆನ್ಸ್ ಒಳಬರುವಾಗಲೇ ಕಾಣುತ್ತದೆ. ತಪಾಸಣೆಯಲ್ಲಿ ಸಿಕ್ಕ ಲೋಪಗಳ ಪಟ್ಟಿಯನ್ನೂ ಅದನ್ನು ಸರಿಪಡಿಸಿದ ಪತ್ರವನ್ನೂ ಅವರೇ ತೆಗೆದು ಕೊಟ್ಟರು. ನರ್ಸ್ ಅಪ್ಪನನ್ನು ಮೊದಲು ನೋಡಬೇಕು, ಆಮೇಲೆ ಮಾತು ಎಂದರು. ಅಲ್ಲಿಗೇ ಸೇರಿಸುತ್ತೇವೆ, ಉಪ್ಪಿನಕಾಯಿ ಮನೆಯಿಂದ ಕಳುಹಿಸುತ್ತೇನೆ.

ಪರಿಚಯದವರು ಚಿತಾಗಾರಕ್ಕೇ ಫೋನ್ ಮಾಡಿದರು. ನಾವು ಎಂಬಾಮಿಂಗ್ ಕೇಳುವುದೇ ಇಲ್ಲ ಎಂದರಂತೆ. ರಾಜ್ಯದ ಮಂಡಳಿಗೂ ಟ್ರೇಡ್ ಕಮಿಷನ್ನಿಗೂ ದೂರು ಬರೆಯುತ್ತಿದ್ದಾರೆ. ಅವರದೇ ಒಂದು ಪ್ರಶ್ನೆ: ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಬೇಕು. ತಾಮ್ರದ ಬಿಂದಿಗೆಯಲ್ಲಿ ವಿಮಾನದಲ್ಲಿ ಒಯ್ಯಬಹುದೇ?

ಫ್ರೀಮಾಂಟ್ ಮಾವ (ಕ್ಯಾಲಿಫೋರ್ನಿಯಾ)

ಬಿಂದಿಗೆ ಖಾಲಿಯಾಗಿ ಬೇರೆ ಚೀಲದಲ್ಲಿ ಹೋಗಲಿ. ತಪಾಸಣೆಯವರು ಅಸ್ಥಿಯ ಡಬ್ಬಿಯನ್ನು ತೆರೆಯುವುದಿಲ್ಲ, ಎಕ್ಸ್‌ರೇಯಲ್ಲಿ ಒಳಗೆ ಕಾಣದಿದ್ದರೆ ಬಿಡುವುದೂ ಇಲ್ಲ. ಲೋಹದಲ್ಲಿ ಕಾಣುವುದಿಲ್ಲ. ಮರದ್ದು ಅಥವಾ ಪ್ಲಾಸ್ಟಿಕ್ಕಿನದು ತೆಗೆದುಕೊಂಡು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ ತೋರಿಸಿ ಭಾರತೀಯ ಕಾನ್ಸುಲೇಟಿನಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹಿರಿಯರ ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ ಅದನ್ನೂ ಅಲ್ಲೇ ರದ್ದು ಮಾಡಿಸಲಿ. ಮೂಲ ಪ್ರತಿಗಳನ್ನು ಹೆಚ್ಚಾಗಿಯೇ ತೆಗೆಸಿಡಲು ಹೇಳಿ. ಬ್ಯಾಂಕಿಗೆ, ಎಲ್‌ಐಸಿಗೆ, ಊರಿನ ಪಹಣಿ ಬದಲಾವಣೆಗೆ ಎಲ್ಲರೂ ಮೂಲವನ್ನೇ ಕೇಳುತ್ತಾರೆ.

ವಿಮಾನ ಸಂಸ್ಥೆಗೂ ಮುಂಚೆ ಒಂದು ಫೋನ್ ಮಾಡಲಿ, ಕೆಲವರದು ಬೇರೆ ನಿಯಮ ಇರುತ್ತದೆ.